ಬಲ ಹೃದಯ ಸೋಲುತ್ತಿರುವಾಗ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಏನು ಮಾಡೀತು?

ಪ್ರಶ್ನೆ: ನಮ್ಮ ಅಕ್ಕನಿಗೆ 43 ವರ್ಷ. ಎರಡು ವರ್ಷದ ಹಿಂದೆ ಪಲ್ಮನರಿ ಹೈಪರ್‌ಟೆನ್ಷನ್ (ಶ್ವಾಸಕೋಶದ ರಕ್ತನಾಳಗಳಲ್ಲಿ ಅಧಿಕ ಒತ್ತಡ) ಇರುವುದು ಗೊತ್ತಾಯಿತು. ಕ್ಯಾಥ್ (ಹೃದಯಕ್ಕೆ ನಳಿಕೆ ತೂರಿಸಿ ಒತ್ತಡ ಅಳೆಯುವ ಪರೀಕ್ಷೆ) ಮಾಡಿ ‘ಇಡಿಯೋಪತಿಕ್’, ಅಂದರೆ ಕಾರಣ ತಿಳಿಯದ್ದು, ಎಂದು ಬರೆದಿದ್ದಾರೆ. ಸಿಲ್ಡೆನಾಫಿಲ್ 20 ಮಿ.ಗ್ರಾಂ ದಿನಕ್ಕೆ ಮೂರು ಸಲ, ಬೆಳಿಗ್ಗೆ ಒಂದು ಟಾರ್ಸೆಮೈಡ್ (ನೀರಿಳಿಸುವ ಮಾತ್ರೆ) ತೆಗೆದುಕೊಳ್ಳುತ್ತಾಳೆ. ಹೋದ ವರ್ಷದ ಎಕೋದಲ್ಲಿ ಶ್ವಾಸಕೋಶದ ಅಪಧಮನಿಯ ಪ್ರೆಷರ್ 82, ಟ್ಯಾಪ್ಸಿ (ಬಲ ಹೃದಯ ಹಿಂಡುವ ಶಕ್ತಿಯ ಅಳತೆ) 18 ಇತ್ತು. ಈ ಸಲ ಪ್ರೆಷರ್ 70ಕ್ಕೆ ಇಳಿದಿದೆ, ಟ್ಯಾಪ್ಸಿ 14. ಪ್ರೆಷರ್ ಇಳಿದರೂ ಕಾಲು ಊದುತ್ತಿದೆ, ಹೊಟ್ಟೆ ಉಬ್ಬರ, ಊಟ ಸೇರುತ್ತಿಲ್ಲ. ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ಬಲ ಹೃದಯ ಹಾಳಾಗುತ್ತದೆ ಎಂದು ಓದಿ ವಿಟಮಿನ್ ಸಿ, ವಿಟಮಿನ್ ಇ 400, ಕೋಎನ್‌ಜೈಮ್ ಕ್ಯೂ10, ಅಶ್ವಗಂಧದ ಕ್ಯಾಪ್ಸೂಲ್ ಶುರುಮಾಡಿದ್ದೇವೆ. ಇವುಗಳಿಂದ ಪ್ರಯೋಜನ ಇದೆಯೇ? ಪ್ರೆಷರ್ ಇಳಿದಿರುವುದು ಇವುಗಳಿಂದಲೇ ಇರಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ತಡಮಾಡುವ ವಿಷಯವಲ್ಲ. ನಿಮ್ಮ ಅಕ್ಕನವರ ಪ್ರೆಷರ್ ಇಳಿದಿರುವುದು ಸುಧಾರಣೆಯ ಗುರುತು ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಕಾಲು ಊತ, ಹೊಟ್ಟೆ ಉಬ್ಬರ, ಊಟ ಸೇರದಿರುವುದು, ಟ್ಯಾಪ್ಸಿ 18ರಿಂದ 14ಕ್ಕೆ ಬಿದ್ದಿರುವುದು ಎಲ್ಲವೂ ಬಲ ಹೃತ್ಕುಕ್ಷಿ (ಶ್ವಾಸಕೋಶಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ಸೋಲುತ್ತಿರುವುದನ್ನೇ ಹೇಳುತ್ತಿವೆ. ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಈ ವಾರದೊಳಗೇ ನಿಮ್ಮ ಹೃದ್ರೋಗ ತಜ್ಞರನ್ನು ಕಾಣಿ. ವಿಟಮಿನ್ ಇ ಮತ್ತು ಅಶ್ವಗಂಧವನ್ನು ಇವತ್ತೇ ನಿಲ್ಲಿಸಿ. ಸಿಲ್ಡೆನಾಫಿಲ್ ಮತ್ತು ಟಾರ್ಸೆಮೈಡ್ ಮಾತ್ರ ಯಾವ ಕಾರಣಕ್ಕೂ ತಪ್ಪಬಾರದು.

ಪ್ರೆಷರ್ ಲೆಕ್ಕ ಹೀಗಿದೆ. ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ ಎಂದರೆ ರಕ್ತನಾಳಗಳ ತಡೆಯನ್ನು ಹೃದಯ ನಿಮಿಷಕ್ಕೆ ತಳ್ಳುವ ರಕ್ತದಿಂದ ಗುಣಿಸಿ, ಅದಕ್ಕೆ ಹೃದಯದ ಎಡಗಡೆಯ ಒತ್ತಡವನ್ನು ಕೂಡಿದರೆ ಬರುವ ಮೊತ್ತ. ತಡೆ 8 ವುಡ್ ಯೂನಿಟ್ (ತಡೆಯನ್ನು ಅಳೆಯುವ ಮಾನ), ರಕ್ತದ ಹರಿವು 5 ಲೀಟರ್, ಎಡಗಡೆಯದು 10 ಎಂದಿಟ್ಟುಕೊಳ್ಳಿ: 8 × 5 + 10 = 50. ಕಾಯಿಲೆ ಮುಂದುವರಿದು ತಡೆ 12ಕ್ಕೆ ಏರಿತು, ಸುಸ್ತಾದ ಹೃದಯ ಈಗ 3 ಲೀಟರ್ ಮಾತ್ರ ತಳ್ಳುತ್ತಿದೆ: 12 × 3 + 10 = 46. ಕಾಯಿಲೆ ಒಂದೂವರೆ ಪಟ್ಟು ಕೆಟ್ಟಿದೆ, ಪ್ರೆಷರ್ ಮಾತ್ರ ನಾಲ್ಕು ಅಂಕ ಕಡಿಮೆ! ರಿಪೋರ್ಟ್‌ನಲ್ಲಿ ಪ್ರೆಷರ್ ಒಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳುವ ಮನೆಗಳು ಬಹಳ, ಹಾಗಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಕೈಯಲ್ಲಿರುವ ಎರಡು ಎಕೋ ರಿಪೋರ್ಟ್‌ಗಳಿಂದಲೇ ಇನ್ನೊಂದು ಅಂಕ ತೆಗೆಯಬಹುದು. ಟ್ಯಾಪ್ಸಿ ಎಂದರೆ ಬಲಗಡೆಯ ಟ್ರೈಕಸ್ಪಿಡ್ ಕವಾಟದ ಉಂಗುರ ಒಂದು ಬಡಿತಕ್ಕೆ ಎಷ್ಟು ಮಿಲಿಮೀಟರ್ ಸರಿಯುತ್ತದೆ ಎಂಬ ಅಳತೆ. 17ಕ್ಕಿಂತ ಕಡಿಮೆ ಇದ್ದರೆ ಅಸಹಜ. ಅದನ್ನು ಎಕೋದಲ್ಲಿ ಬರೆದಿರುವ ಸಿಸ್ಟಾಲಿಕ್ (ಹೃದಯ ಹಿಂಡುವಾಗಿನ) ಪ್ರೆಷರ್‌ನಿಂದ ಭಾಗಿಸಿದರೆ, ಬಲ ಹೃತ್ಕುಕ್ಷಿ ತನ್ನ ಮೇಲಿನ ಹೊರೆಗೆ ತಕ್ಕಂತೆ ದುಡಿಯುತ್ತಿದೆಯೇ ಎಂಬುದರ ಅಂದಾಜು ಸಿಗುತ್ತದೆ. ಹೋದ ವರ್ಷ 18 ÷ 82 = 0.22, ಈ ವರ್ಷ 14 ÷ 70 = 0.20. ಯುರೋಪಿನ 2022ರ ಮಾರ್ಗಸೂಚಿಯಲ್ಲಿ 0.32ಕ್ಕಿಂತ ಮೇಲಿದ್ದರೆ ಕಡಿಮೆ ಅಪಾಯ, 0.19ಕ್ಕಿಂತ ಕೆಳಗಿದ್ದರೆ ಹೆಚ್ಚಿನ ಅಪಾಯ. ಎಕೋ ಅಳತೆಯಲ್ಲಿ ಹೆಚ್ಚುಕಡಿಮೆ ಸಹಜ, 0.22ಕ್ಕೂ 0.20ಕ್ಕೂ ಇರುವ ವ್ಯತ್ಯಾಸವೊಂದನ್ನೇ ಹಿಡಿದು ತೀರ್ಮಾನಕ್ಕೆ ಬರಲಾಗದು. ಆದರೆ ಊತವೂ ಜೊತೆಗಿರುವಾಗ ಪ್ರೆಷರ್ ಇಳಿದದ್ದಕ್ಕೆ ಸಂತೋಷಪಡಲು ಕಾರಣವೇ ಇಲ್ಲ.

ಈಗ ಆಕ್ಸಿಡೇಟಿವ್ ಸ್ಟ್ರೆಸ್ ವಿಷಯ, ಅಂದರೆ ಆಮ್ಲಜನಕದಿಂದ ಹುಟ್ಟುವ ಚುರುಕು ಅಣುಗಳು (ಆಕ್ಸಿಡೆಂಟ್‌ಗಳು) ದೇಹದ ರಕ್ಷಣೆಯನ್ನು ಮೀರಿ ಹೆಚ್ಚಾಗುವುದು. ನೀವು ಓದಿದ್ದು ಸುಳ್ಳಲ್ಲ, ಅರ್ಧ ನಿಜ. ಈ ಕಾಯಿಲೆಯಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಇದೆ, ಬಲ ಹೃತ್ಕುಕ್ಷಿಯಲ್ಲಿ ಅದು ನಿಜಕ್ಕೂ ಹಾನಿ ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಆ್ಯಂಟಿಆಕ್ಸಿಡೆಂಟ್ ನುಂಗಿದರೆ ಅದು ತಗ್ಗುತ್ತದೆ ಎಂಬುದು ಮಾತ್ರ ಸಾಬೀತಾಗಿಲ್ಲ. ಯಾಕೆ ಎಂದು ತಿಳಿಯಲು ಈ ಬಲ ಹೃತ್ಕುಕ್ಷಿಯ ಕಷ್ಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಎಡ ಹೃತ್ಕುಕ್ಷಿ 120ರ ಒತ್ತಡಕ್ಕೆ ರಕ್ತ ತಳ್ಳುವ ದಪ್ಪ ಗೋಡೆಯ ಕೋಣೆ. ಬಲಗಡೆಯದು ಅಷ್ಟೇ ರಕ್ತವನ್ನು 25ರ ಒತ್ತಡದಲ್ಲಿ ಶ್ವಾಸಕೋಶಕ್ಕೆ ಕಳಿಸುತ್ತದೆ, ಹಾಗಾಗಿ ಅದರ ಗೋಡೆ 3ರಿಂದ 5 ಮಿ.ಮೀ. ಮಾತ್ರ. ಶ್ವಾಸಕೋಶದ ಸಣ್ಣ ನಾಳಗಳು ದಪ್ಪಗಟ್ಟಿ ಒಳಗಿನ ದಾರಿ ಕಿರಿದಾದಾಗ ಈ ತೆಳು ಕೋಣೆ 70, 80ರ ಒತ್ತಡಕ್ಕೆ ದುಡಿಯಬೇಕಾಗುತ್ತದೆ. ಮೊದಲು ಗೋಡೆ ದಪ್ಪವಾಗುತ್ತದೆ, ಅದು ಹೊಂದಾಣಿಕೆ. ಆಮೇಲೆ ಕೋಣೆ ಹಿಗ್ಗಲು ಶುರುವಾಗುತ್ತದೆ, ತೊಂದರೆ ಅಲ್ಲಿಂದ. ಗೋಡೆಯ ಮೇಲಿನ ಬಿಗಿತ ಒತ್ತಡಕ್ಕೂ ಕೋಣೆಯ ಅಗಲಕ್ಕೂ ಅನುಗುಣವಾಗಿ ಏರುವುದರಿಂದ, ಹಿಗ್ಗಿದಷ್ಟೂ ಪ್ರತಿ ಬಡಿತಕ್ಕೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ.

ಆಮ್ಲಜನಕದ ಪೂರೈಕೆಯಾದರೂ ಹೆಚ್ಚುತ್ತದೆಯೇ ಎಂದರೆ, ಅದು ಇಳಿಯುತ್ತದೆ. ಆರೋಗ್ಯವಂತರಲ್ಲಿ ಬಲ ಹೃತ್ಕುಕ್ಷಿಯ ಸ್ನಾಯುವಿಗೆ ಹೃದಯ ಹಿಂಡಿದಾಗಲೂ ಸಡಿಲಿಸಿದಾಗಲೂ ರಕ್ತ ಹರಿಯುತ್ತದೆ, ಯಾಕೆಂದರೆ ಮಹಾಪಧಮನಿಯ 120ರ ಮುಂದೆ ಒಳಗಿನ 25 ಏನೂ ಅಲ್ಲ. ನಿಮ್ಮ ಅಕ್ಕನವರ ತೋಳಿನ ಬಿಪಿ 100 ಇದ್ದು ಬಲ ಹೃತ್ಕುಕ್ಷಿಯ ಒತ್ತಡ 70–80 ಇದ್ದರೆ, ಹಿಂಡುವ ಹೊತ್ತಿನಲ್ಲಿ ಸ್ನಾಯುವಿಗೆ ರಕ್ತ ನುಗ್ಗಿಸುವ ಬಲ ಎಷ್ಟು ಉಳಿದೀತು? ಅದರ ಮೇಲೆ, ಸ್ನಾಯು ದಪ್ಪವಾದ ಪ್ರಮಾಣಕ್ಕೆ ಸೂಕ್ಷ್ಮ ರಕ್ತನಾಳಗಳು ಬೆಳೆಯುವುದಿಲ್ಲ. ಕೆಲವರಿಗೆ ನಡೆದಾಗ ಎದೆ ಹಿಡಿದಂತಾಗುವುದು, ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲದಿದ್ದರೂ, ಇದೇ ಕಾರಣಕ್ಕೆ.

ಗಾಳಿ ಸಾಲದ ಒಲೆಯಲ್ಲಿ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚಲ್ಲವೇ, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಪಾಡು ಆಗ ಅದೇ. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಕೊನೆಯ ಮೆಟ್ಟಿಲವರೆಗೆ ಹೋಗಿ ನೀರಾಗುವ ಬದಲು ನಡುದಾರಿಯಲ್ಲಿ, ಮುಖ್ಯವಾಗಿ ಒಂದನೇ ಮತ್ತು ಮೂರನೇ ಕಾಂಪ್ಲೆಕ್ಸ್ ಎಂಬ ಪ್ರೋಟೀನ್ ಗುಂಪುಗಳಲ್ಲಿ, ಸೋರಿ ಆಮ್ಲಜನಕಕ್ಕೆ ಅಂಟಿಕೊಂಡು ಸೂಪರಾಕ್ಸೈಡ್ ಆಗುತ್ತವೆ. ಇದರ ಜೊತೆಗೆ ಹಿಗ್ಗಿದ ಸ್ನಾಯುವಿನಲ್ಲಿ ನ್ಯಾಡ್‌ಪಿಎಚ್ ಆಕ್ಸಿಡೇಸ್ ಎಂಬ ಕಿಣ್ವಗಳು ಚುರುಕಾಗಿ ಇನ್ನಷ್ಟು ಸೂಪರಾಕ್ಸೈಡ್ ಹುಟ್ಟಿಸುತ್ತವೆ. ಕ್ಸಾಂಥೀನ್ ಆಕ್ಸಿಡೇಸ್ ಮತ್ತೊಂದು ಮೂಲ. ಸೂಪರಾಕ್ಸೈಡನ್ನು ಪಳಗಿಸುವ ಕಿಣ್ವ ಎಸ್‌ಒಡಿ2. ಇಲಿಗಳಲ್ಲಿ ಹೃದಯದ ಎಡಭಾಗದ ಮೇಲೆ ಹೊರೆ ಹೇರಿದರೆ ಇಂಥ ರಕ್ಷಣಾ ಕಿಣ್ವಗಳು ಹೆಚ್ಚುತ್ತವೆ, ಬಲಭಾಗದ ಮೇಲೆ ಹೇರಿದರೆ ಅಷ್ಟು ಹೆಚ್ಚುವುದಿಲ್ಲ ಎಂಬುದು ಪ್ರಯೋಗಗಳಲ್ಲಿ ಕಂಡ ಸಂಗತಿ. ಬಲ ಹೃತ್ಕುಕ್ಷಿ ಎಡಗಡೆಯದಕ್ಕಿಂತ ಬೇಗ ಕೈಚೆಲ್ಲುವುದಕ್ಕೆ ಇದೂ ಒಂದು ಕಾರಣವಿರಬೇಕು.

ಸೂಪರಾಕ್ಸೈಡ್ ಹೆಚ್ಚಾದರೆ ಏನಾಗುತ್ತದೆ? ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಬಿಡುವ, ಹಿಂದಕ್ಕೆ ಎಳೆದುಕೊಳ್ಳುವ ಪ್ರೋಟೀನುಗಳು ಕೆಡುತ್ತವೆ, ಹಿಂಡುವ ಬಲ ತಗ್ಗುತ್ತದೆ. ನಾರುಗಟ್ಟುವ ಪ್ರಕ್ರಿಯೆಗೆ ಚಾಲನೆ ಸಿಗುತ್ತದೆ, ಗೋಡೆ ಗಡುಸಾಗುತ್ತದೆ. ಶ್ವಾಸಕೋಶದ ನಾಳಗಳಲ್ಲಿ ಇನ್ನೊಂದು ಅನಾಹುತ: ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಸೂಪರಾಕ್ಸೈಡ್ ನುಂಗಿ ಪೆರಾಕ್ಸಿನೈಟ್ರೈಟ್ ಮಾಡುತ್ತದೆ. ಪೆರಾಕ್ಸಿನೈಟ್ರೈಟ್ ಬಿಎಚ್4 ಎಂಬ ಸಹಕಾರಿ ಅಣುವನ್ನು ಹಾಳುಗೆಡವುತ್ತದೆ. ಬಿಎಚ್4 ಇಲ್ಲದಿದ್ದರೆ ನೈಟ್ರಿಕ್ ಆಕ್ಸೈಡ್ ತಯಾರಿಸಬೇಕಾದ ಕಿಣ್ವವೇ ಸೂಪರಾಕ್ಸೈಡ್ ಉಗುಳತೊಡಗುತ್ತದೆ. ಅಕ್ಕನವರು ತೆಗೆದುಕೊಳ್ಳುತ್ತಿರುವ ಸಿಲ್ಡೆನಾಫಿಲ್ ನೈಟ್ರಿಕ್ ಆಕ್ಸೈಡ್‌ನ ಸಂದೇಶವನ್ನು ಮುಂದಕ್ಕೊಯ್ಯುವ ಸೈಕ್ಲಿಕ್ ಜಿಎಂಪಿ ಬೇಗ ಕರಗದಂತೆ ತಡೆಯುವ ಔಷಧ. ನೈಟ್ರಿಕ್ ಆಕ್ಸೈಡೇ ಸಾಲದಿದ್ದರೆ ಉಳಿಸಿಕೊಳ್ಳಲು ಸಂದೇಶವೇ ಇರುವುದಿಲ್ಲ. ಸಿಲ್ಡೆನಾಫಿಲ್ ಒಂದರಿಂದಲೇ ವರ್ಷಾನುಗಟ್ಟಲೆ ಸುಧಾರಣೆ ಉಳಿಯದವರು ಇರುವುದಕ್ಕೆ ಇದು ಒಂದು ವಿವರಣೆ.

ಇಷ್ಟು ಓದಿದರೆ ‘ಹಾಗಾದರೆ ಆಕ್ಸಿಡೆಂಟ್‌ಗಳನ್ನೆಲ್ಲ ಒರೆಸಿಹಾಕಿದರೆ ಆಯಿತಲ್ಲ’ ಅನ್ನಿಸುತ್ತದೆ. ಆದರೆ ಎಸ್‌ಒಡಿ2 ಮಾಡುವ ಕೆಲಸ ಸೂಪರಾಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುವುದು. ಈ ಹೈಡ್ರೋಜನ್ ಪೆರಾಕ್ಸೈಡ್ ವಿಷವೂ ಹೌದು, ಸಣ್ಣ ಪ್ರಮಾಣದಲ್ಲಿ ಅದೇ ಜೀವಕೋಶದ ಸಂದೇಶವಾಹಕವೂ ಹೌದು. ಶ್ವಾಸಕೋಶದ ಅಪಧಮನಿಯ ಸ್ನಾಯುಕೋಶಗಳು ‘ಆಮ್ಲಜನಕ ಸಾಕಷ್ಟಿದೆ’ ಎಂದು ಅರಿಯುವುದು ಇದರಿಂದಲೇ ಎಂಬುದು ಈ ಕ್ಷೇತ್ರದ ಒಂದು ಮುಖ್ಯ ಸಿದ್ಧಾಂತ. ಈ ಕಾಯಿಲೆಯ ಪ್ರಾಣಿಮಾದರಿಗಳಲ್ಲಿ ನಾಳದ ಸ್ನಾಯುಕೋಶಗಳ ಎಸ್‌ಒಡಿ2 ಜೀನ್ ಮುಚ್ಚಿಹೋಗಿ ಪೆರಾಕ್ಸೈಡ್ ಸಂದೇಶ ಕುಗ್ಗುವುದನ್ನು ತೋರಿಸಿದ್ದಾರೆ. ಆಗ ಆಮ್ಲಜನಕ ಇದ್ದರೂ ಇಲ್ಲವೆಂಬ ಭ್ರಮೆಗೆ ಬಿದ್ದು, ಆಮ್ಲಜನಕದ ಕೊರತೆಗೆ ಸ್ಪಂದಿಸುವ ಎಚ್‌ಐಎಫ್-1 ಎಂಬ ಪ್ರೋಟೀನು ಎಚ್ಚರಗೊಳ್ಳುತ್ತದೆ, ಕೋಶಗಳು ಅತಿಯಾಗಿ ಬೆಳೆಯುತ್ತವೆ. ಅಂದರೆ ಒಂದೇ ರೋಗಿಯ ದೇಹದಲ್ಲಿ ಹೃದಯದ ಸ್ನಾಯುವಿಗೆ ಆಕ್ಸಿಡೆಂಟ್ ಹೆಚ್ಚಾಗಿ ತೊಂದರೆ, ನಾಳದ ಸ್ನಾಯುವಿನಲ್ಲಿ ಒಂದು ನಿರ್ದಿಷ್ಟ ಆಕ್ಸಿಡೆಂಟ್ ಕಡಿಮೆಯಾಗಿ ತೊಂದರೆ. ಕ್ಯಾಪ್ಸೂಲ್ ನುಂಗಿದರೆ ಅದು ಎರಡೂ ಕಡೆ ಹೋಗುತ್ತದೆ.

ವೇಗದ ಪ್ರಶ್ನೆಯೂ ಇದೆ. ಸೂಪರಾಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್ ಸೇರುವ ವೇಗ, ಸೂಪರಾಕ್ಸೈಡ್ ಮತ್ತು ವಿಟಮಿನ್ ಸಿ ಸೇರುವ ವೇಗಕ್ಕಿಂತ ಹತ್ತು ಸಾವಿರ ಪಟ್ಟಿನ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇದೆ. ವಿಟಮಿನ್ ಸಿ ಪ್ರಮಾಣ ಹೆಚ್ಚಿಸಿ ಗೆಲ್ಲೋಣವೆಂದರೆ, ಬಾಯಿಂದ ತೆಗೆದುಕೊಂಡರೆ ರಕ್ತದಲ್ಲಿ ಅದು 70–80 ಮೈಕ್ರೊಮೋಲ್ ಹತ್ತಿರ ನಿಂತುಬಿಡುತ್ತದೆ. ದಿನಕ್ಕೆ 200ರಿಂದ 400 ಮಿ.ಗ್ರಾಂಗೇ ಆ ಮಟ್ಟ ಬರುತ್ತದೆ, ಮಿಕ್ಕದ್ದು ಬಹುಪಾಲು ಮೂತ್ರಕ್ಕೆ. ಒಂದು ಸೀಬೆಹಣ್ಣಿನಲ್ಲೇ 200 ಮಿ.ಗ್ರಾಂ ಹತ್ತಿರ ಇರುತ್ತದೆ.

ಮನುಷ್ಯರಲ್ಲಿ ಪರೀಕ್ಷಿಸಿದಾಗ ಏನಾಯಿತು? ವಿಟಮಿನ್ ಇ ಬಗ್ಗೆ ನೇರ ಪುರಾವೆ ಇದೆ, ಅದೂ ನಿಮ್ಮ ಮನೆಯಲ್ಲಿರುವ 400ರ ಪ್ರಮಾಣಕ್ಕೇ. 2005ರಲ್ಲಿ ಪ್ರಕಟವಾದ ಹೋಪ್-ಟೂ ಅಧ್ಯಯನದಲ್ಲಿ ರಕ್ತನಾಳದ ಕಾಯಿಲೆ ಅಥವಾ ಸಕ್ಕರೆ ಕಾಯಿಲೆ ಇದ್ದ, 55 ದಾಟಿದವರಿಗೆ ಏಳು ವರ್ಷದಷ್ಟು ಕಾಲ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟರು. ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಹೃದಯಾಘಾತ ಕಡಿಮೆಯಾಗಲಿಲ್ಲ, ಹೃದಯ ವೈಫಲ್ಯ ಮಾತ್ರ 13 ಶೇಕಡಾ ಹೆಚ್ಚಾಯಿತು. ಅವರಿಗೆ ಪಲ್ಮನರಿ ಹೈಪರ್‌ಟೆನ್ಷನ್ ಇರಲಿಲ್ಲ, ನಿಜ. ಆದರೆ ಈಗಾಗಲೇ ಹೃದಯ ಸೋಲುತ್ತಿರುವವರಿಗೆ ಇದನ್ನು ಕೊಡಲು ಯಾವ ಆಧಾರವೂ ಇಲ್ಲ. ಕ್ಸಾಂಥೀನ್ ಆಕ್ಸಿಡೇಸನ್ನು ತಡೆಯುವ ಅಲೋಪ್ಯುರಿನಾಲ್ ಎಡ ಹೃದಯ ವೈಫಲ್ಯದಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ಪಲ್ಮನರಿ ಹೈಪರ್‌ಟೆನ್ಷನ್‌ನಲ್ಲೇ ಪರೀಕ್ಷಿಸಿದ, ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ಎಚ್ಚರಗೊಳ್ಳುವ ಎಎಸ್‌ಕೆ1 ಕಿಣ್ವವನ್ನು ತಡೆಯುವ ಸೆಲೊನ್‌ಸೆರ್ಟಿಬ್, ನಾಳದ ತಡೆಯನ್ನು ಇಳಿಸುವ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ದೇಹದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಬ್ಬಿಸುವ ಬಾರ್ಡಾಕ್ಸೊಲೋನ್‌ನ ದೊಡ್ಡ ಪ್ರಯೋಗ 2020ರಲ್ಲಿ ಕೋವಿಡ್ ಕಾರಣಕ್ಕೆ ಅರ್ಧಕ್ಕೇ ನಿಂತಿತು. ಅದೇ ಔಷಧ 2012ರಲ್ಲಿ ಕಿಡ್ನಿ ರೋಗಿಗಳಲ್ಲಿ ಹೃದಯ ವೈಫಲ್ಯ ಹೆಚ್ಚಿಸಿ ನಿಂತಿದ್ದನ್ನೂ ಮರೆಯಬಾರದು.

ಅಶ್ವಗಂಧದ ಸುದ್ದಿ ಎಲ್ಲಿಂದ ಬಂದಿರಬಹುದು ಎಂಬುದಕ್ಕೆ ಒಂದು ಊಹೆ ಇದೆ. 2009ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನ ಈ ಕ್ಷೇತ್ರದಲ್ಲಿ ಬಹಳ ಮುಖ್ಯವಾದದ್ದು. ಇಲಿಗಳ ಶ್ವಾಸಕೋಶದ ಅಪಧಮನಿಗೆ ಪಟ್ಟಿ ಬಿಗಿದು ಒತ್ತಡ ಏರಿಸಿದರು. ಬಲ ಹೃತ್ಕುಕ್ಷಿ ದಪ್ಪವಾಯಿತು, ಆದರೆ ಸೋಲಲಿಲ್ಲ. ಬೇರೆ ಇಲಿಗಳಲ್ಲಿ ಔಷಧ ಮತ್ತು ಆಮ್ಲಜನಕದ ಕೊರತೆಯಿಂದ ಶ್ವಾಸಕೋಶದ ನಾಳಗಳನ್ನೇ ಕೆಡಿಸಿದರು. ಅವುಗಳ ಬಲ ಹೃತ್ಕುಕ್ಷಿ ನಾರುಗಟ್ಟಿ, ಸೂಕ್ಷ್ಮ ನಾಳಗಳನ್ನು ಕಳೆದುಕೊಂಡು ಸೋತಿತು. ಒತ್ತಡವೊಂದೇ ಬಲ ಹೃದಯ ವೈಫಲ್ಯವನ್ನು ವಿವರಿಸುವುದಿಲ್ಲ ಎಂಬುದು ಅದರ ತೀರ್ಮಾನ. ಆ ಸೋಲುವ ಇಲಿಗಳಿಗೆ ಐದು ಸಸ್ಯಸಾರಗಳ ಒಂದು ಮಿಶ್ರಣ ಕೊಟ್ಟಾಗ ಶ್ವಾಸಕೋಶದ ನಾಳಗಳು ಹಾಗೆಯೇ ಉಳಿದರೂ ಹೃದಯ ಉಳಿಯಿತು. ಮಿಶ್ರಣದಲ್ಲಿ ಅಶ್ವಗಂಧ, ಅರಿಶಿನ, ಬ್ರಾಹ್ಮಿ ಇದ್ದವು. ಕುತೂಹಲದ ಫಲಿತಾಂಶವೇ, ಆದರೆ ಇಲಿಯದ್ದು. ರೋಗಿಗಳಲ್ಲಿ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದವರಿಲ್ಲ.

ಅಶ್ವಗಂಧ ನಿಲ್ಲಿಸಿ ಎಂದದ್ದಕ್ಕೆ ಕಾರಣ ಲಿವರ್. ಅದರಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಭಾರತದಿಂದಲೂ ವರದಿಯಾಗಿವೆ. ಅಕ್ಕನವರ ಲಿವರ್ ಈಗಾಗಲೇ ಹಿಂದಕ್ಕೆ ಒತ್ತಿದ ರಕ್ತದಿಂದ ಊದಿಕೊಂಡಿರುವ ಸಂಭವವಿದೆ. ಊಟ ಸೇರದಿರುವುದು ಬಹುಶಃ ಅದಕ್ಕೇ. ಮುಂದೆ ಬೋಸೆಂಟಾನ್ ಎಂಬ, ಈ ಕಾಯಿಲೆಯ ಇನ್ನೊಂದು ಔಷಧ ಸೇರಿಸಬೇಕಾಗಿ ಬಂದರೆ ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಕಡ್ಡಾಯ, ಆಗ ಲಿವರ್ ಕಿಣ್ವ ಏರಿದರೆ ಯಾವುದರಿಂದ ಏರಿತೆಂದು ಗೊತ್ತಾಗದೆ ಒಳ್ಳೆಯ ಔಷಧವನ್ನೇ ನಿಲ್ಲಿಸಬೇಕಾಗುತ್ತದೆ. ವಾರ್ಫರಿನ್ ಅಥವಾ ಅಸಿಟ್ರಾಮ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ವಿಟಮಿನ್ ಇ, ಅರಿಶಿನದ ಸಾಂದ್ರ ಕ್ಯಾಪ್ಸೂಲ್ ಎರಡೂ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ, ಕ್ಯೂ10 ವಾರ್ಫರಿನ್‌ನ ಪರಿಣಾಮವನ್ನು ಕುಗ್ಗಿಸಬಹುದು. ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಡಿ. ಕ್ಯೂ10ರಿಂದ ದೊಡ್ಡ ಅಪಾಯವಿಲ್ಲ. ಆ ದುಡ್ಡಿನಲ್ಲಿ ಮುಂದೆ ಹೇಳುವ ರಕ್ತಪರೀಕ್ಷೆಗಳನ್ನು ಮಾಡಿಸುವುದು ಲೇಸು.

ವಿಟಮಿನ್ ಕೊಟ್ಟರೆ ನಿಜಕ್ಕೂ ಪವಾಡವಾಗುವ ಪಲ್ಮನರಿ ಹೈಪರ್‌ಟೆನ್ಷನ್ ಒಂದಿದೆ, ಅದು ನಮ್ಮ ರಾಜ್ಯದಲ್ಲೇ ಕಾಣಸಿಗುತ್ತದೆ. ಹೆರಿಗೆಯಾದ ಮೇಲೆ ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಪಾಲಿಶ್ ಅಕ್ಕಿಯ ಅನ್ನ ಬಿಟ್ಟು ಬೇಳೆ, ಕಾಳು, ಸೊಪ್ಪು ಯಾವುದನ್ನೂ ಕೊಡದ ಮನೆಗಳಲ್ಲಿ, ಎದೆಹಾಲು ಮಾತ್ರ ಕುಡಿಯುವ ಎರಡು-ಮೂರು ತಿಂಗಳ ಕೂಸುಗಳು ಇದ್ದಕ್ಕಿದ್ದಂತೆ ತೀವ್ರ ಪಲ್ಮನರಿ ಹೈಪರ್‌ಟೆನ್ಷನ್, ಬಲ ಹೃದಯ ವೈಫಲ್ಯದೊಂದಿಗೆ ಆಸ್ಪತ್ರೆಗೆ ಬರುತ್ತವೆ. ಕಾರಣ ಥಯಾಮಿನ್, ಅಂದರೆ ವಿಟಮಿನ್ ಬಿ1 ಕೊರತೆ. ಥಯಾಮಿನ್ ಚುಚ್ಚಿದರೆ ಒಂದೆರಡು ದಿನದಲ್ಲೇ ಒತ್ತಡ ಇಳಿದು ಮಗು ಚೇತರಿಸಿಕೊಳ್ಳುವುದನ್ನು ಕರ್ನಾಟಕದ ಮಕ್ಕಳ ಹೃದ್ರೋಗ ತಜ್ಞರು ದಾಖಲಿಸಿದ್ದಾರೆ. ಪೈರುವೇಟ್ ಡಿಹೈಡ್ರೊಜಿನೇಸ್ ಎಂಬ ಕಿಣ್ವ ಸಕ್ಕರೆಯಿಂದ ಬಂದ ಇಂಧನವನ್ನು ಮೈಟೊಕಾಂಡ್ರಿಯದೊಳಕ್ಕೆ ಬಿಡುವ ಬಾಗಿಲು. ಥಯಾಮಿನ್ ಇಲ್ಲದೆ ಅದು ತೆರೆಯುವುದಿಲ್ಲ. ದೊಡ್ಡವರ ಪಲ್ಮನರಿ ಹೈಪರ್‌ಟೆನ್ಷನ್‌ನಲ್ಲೂ ಮುಚ್ಚಿಕೊಳ್ಳುವುದು ಇದೇ ಬಾಗಿಲು, ಆದರೆ ಥಯಾಮಿನ್ ಕೊರತೆಯಿಂದಲ್ಲ, ಅದನ್ನು ಮುಚ್ಚುವ ಇನ್ನೊಂದು ಕಿಣ್ವ ಹೆಚ್ಚುವುದರಿಂದ. ಆ ಕಿಣ್ವವನ್ನು ತಡೆಯುವ ಡೈಕ್ಲೋರೊಅಸಿಟೇಟನ್ನು ಕೆನಡಾ ಮತ್ತು ಬ್ರಿಟನ್ನಿನಲ್ಲಿ 20 ರೋಗಿಗಳಿಗೆ ಕೊಟ್ಟು 2017ರಲ್ಲಿ ಫಲಿತಾಂಶ ಪ್ರಕಟಿಸಿದರು: ಕೆಲವರಿಗೆ ಉಪಯೋಗವಾಯಿತು, ಎರಡು ನಿರ್ದಿಷ್ಟ ಜೀನ್‌ಗಳಲ್ಲಿ ವ್ಯತ್ಯಾಸವಿದ್ದವರಿಗೆ ಆಗಲಿಲ್ಲ, ಪ್ರಮಾಣ ಹೆಚ್ಚಿದಾಗ ಕೈಕಾಲಿನ ನರಗಳಿಗೆ ತೊಂದರೆಯಾಯಿತು. ಇನ್ನೂ ಚಿಕಿತ್ಸೆಯ ಹಂತಕ್ಕೆ ಬಂದಿಲ್ಲ.

ಅಕ್ಕನವರಿಗೆ ಸಂಬಂಧಪಟ್ಟ ಮಾತು ಇಷ್ಟು: ಟಾರ್ಸೆಮೈಡ್, ಲ್ಯಾಸಿಕ್ಸ್ ಬಗೆಯ ಮಾತ್ರೆಗಳಿಂದ ಮೂತ್ರದಲ್ಲಿ ಥಯಾಮಿನ್ ಹೋಗುತ್ತದೆ. ಊಟವೂ ಸರಿಯಿಲ್ಲದಿದ್ದರೆ ಕೊರತೆ ಆಗಬಹುದು. ಬೇಕೇ ಎಂದು ಡಾಕ್ಟರನ್ನು ಕೇಳಿ, ಅದೇನೂ ದುಬಾರಿ ಮಾತ್ರೆಯಲ್ಲ. ಕಬ್ಬಿಣವನ್ನೂ ನೋಡಬೇಕು. ಈ ಕಾಯಿಲೆಯ ಹೆಂಗಸರಲ್ಲಿ ಕಬ್ಬಿಣದ ಕೊರತೆ ಬಹಳ ಸಾಮಾನ್ಯ, ಹಿಮೋಗ್ಲೋಬಿನ್ ಸರಿಯಿದ್ದರೂ ಇರಬಹುದು. ರಕ್ತಪರೀಕ್ಷೆಯಲ್ಲಿ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ) 100ಕ್ಕಿಂತ ಕಡಿಮೆ, ಅಥವಾ 100ರಿಂದ 299ರ ನಡುವೆ ಇದ್ದು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಅಳತೆ) 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದರ್ಥ. ರಕ್ತಹೀನತೆ ಇದ್ದರೆ ತುಂಬಲೇಬೇಕು. ರಕ್ತಹೀನತೆಯಿಲ್ಲದ ಬರೀ ಕೊರತೆಗೆ ಕಬ್ಬಿಣ ಏರಿಸಿದಾಗ ನಡೆಯುವ ಶಕ್ತಿ ಹೆಚ್ಚಲಿಲ್ಲ ಎಂದು 2021ರ ಪ್ರಯೋಗಗಳು ಹೇಳಿವೆ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ನುಂಗುವುದು ಬೇಡ. ಹೆಚ್ಚುವರಿ ಕಬ್ಬಿಣ ಪೆರಾಕ್ಸೈಡ್ ಜೊತೆ ಸೇರಿ ಎಲ್ಲಕ್ಕಿಂತ ಕೆಟ್ಟ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ.

ಹಾಗಾದರೆ ಬಲ ಹೃತ್ಕುಕ್ಷಿಯ ಆಕ್ಸಿಡೇಟಿವ್ ಸ್ಟ್ರೆಸ್ ಇಳಿಸುವ ದಾರಿ ಯಾವುದು? ಹೊರೆ ಇಳಿಸುವುದು, ಹಿಗ್ಗುವಿಕೆ ತಗ್ಗಿಸುವುದು, ಆಮ್ಲಜನಕ ಮುಟ್ಟಿಸುವುದು. ಕಾಯಿಲೆಗೆ ನಿಜವಾದ ಆ್ಯಂಟಿಆಕ್ಸಿಡೆಂಟ್ ಇವೇ ಎಂದರೂ ತಪ್ಪಿಲ್ಲ. ಶ್ವಾಸಕೋಶ ಕಸಿ ಮಾಡಿಸಿಕೊಂಡವರಲ್ಲಿ, ಹಳೆಯ ರಕ್ತಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರಲ್ಲಿ, ಹಿಗ್ಗಿದ್ದ ಬಲ ಹೃತ್ಕುಕ್ಷಿ ಹೊರೆ ಇಳಿದ ಮೇಲೆ ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಮರಳುವುದೇ ಇದಕ್ಕೆ ಸಾಕ್ಷಿ.

ಆ ಕಾರಣಕ್ಕೆ ಡಾಕ್ಟರನ್ನು ಮೊದಲು ಕೇಳಬೇಕಾದ್ದು: ವಿ/ಕ್ಯೂ ಸ್ಕ್ಯಾನ್ (ಶ್ವಾಸಕೋಶದಲ್ಲಿ ಗಾಳಿ, ರಕ್ತ ಎಲ್ಲೆಲ್ಲಿ ತಲುಪುತ್ತವೆ ಎಂದು ನೋಡುವ ಪರೀಕ್ಷೆ) ಆಗಿದೆಯೇ? ‘ಇಡಿಯೋಪತಿಕ್’ ಎನ್ನುವ ಮುಂಚೆ ಶ್ವಾಸಕೋಶದಲ್ಲಿ ಹಳೆಯ ಗಡ್ಡೆಗಳಿಲ್ಲ ಎಂದು ಖಾತ್ರಿಯಾಗಿರಬೇಕು. ಸಿಟಿ ಆಂಜಿಯೋ ಒಂದೇ ನೋಡಿದರೆ ಸಣ್ಣ ಕವಲುಗಳ ಗಡ್ಡೆ ತಪ್ಪಿಹೋಗಬಹುದು. ಅದೇ ಕಾಯಿಲೆಯಾದರೆ ಶಸ್ತ್ರಚಿಕಿತ್ಸೆ, ಬಲೂನ್ ಚಿಕಿತ್ಸೆಯ ದಾರಿ ಇದೆ.

ಎರಡನೆಯದು, ಸಿಲ್ಡೆನಾಫಿಲ್ ಒಂದೇ ಸಾಕೇ? ಎರಡು ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಔಷಧಗಳನ್ನು ಜೊತೆಯಾಗಿ ಶುರುಮಾಡುವುದೇ ಈಗಿನ ರೂಢಿ. 2015ರ ಆ್ಯಂಬಿಷನ್ ಪ್ರಯೋಗದಲ್ಲಿ ಆ್ಯಂಬ್ರಿಸೆಂಟಾನ್ ಮತ್ತು ಟಡಲಾಫಿಲ್ ಒಟ್ಟಿಗೆ ಕೊಟ್ಟವರಲ್ಲಿ ಕಾಯಿಲೆ ಕೈಮೀರುವ ಪ್ರಸಂಗಗಳು ಒಂದೇ ಔಷಧದವರಿಗಿಂತ ಅರ್ಧದಷ್ಟಿದ್ದವು. ಸಿಲ್ಡೆನಾಫಿಲ್ ನಿಲ್ಲಿಸಿ ರಿಯೋಸಿಗ್ವಾಟ್‌ಗೆ ಬದಲಿಸುವುದೂ ಒಂದು ಆಯ್ಕೆ. ಅದು ನೈಟ್ರಿಕ್ ಆಕ್ಸೈಡ್ ಕಡಿಮೆ ಇದ್ದರೂ ಅದೇ ಸಂದೇಶವನ್ನು ಹುಟ್ಟಿಸಬಲ್ಲದು. ಎರಡನ್ನೂ ಒಟ್ಟಿಗೆ ಮಾತ್ರ ತೆಗೆದುಕೊಳ್ಳುವಂತಿಲ್ಲ, ಬಿಪಿ ಕುಸಿಯುತ್ತದೆ. ಅಪಾಯ ಹೆಚ್ಚಿದ್ದರೆ ನಾಳ ಸಡಿಲಿಸುವ ಪ್ರೊಸ್ಟಾಸೈಕ್ಲಿನ್ ಗುಂಪಿನ ಔಷಧ, ಶ್ವಾಸಕೋಶ ಕಸಿ ಕೇಂದ್ರದ ಸಲಹೆ ಬೇಕಾಗುತ್ತದೆ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಪಡೆದ ಸೊಟಾಟರ್ಸೆಪ್ಟ್ ಚುಚ್ಚುಮದ್ದು ನಾಳದ ಗೋಡೆಯ ಅತಿಬೆಳವಣಿಗೆಯ ಮೇಲೆಯೇ ಕೆಲಸ ಮಾಡುತ್ತದೆ. ಉಳಿದ ಔಷಧಗಳ ಮೇಲೆ ಅದನ್ನು ಸೇರಿಸಿದಾಗ ಆರು ನಿಮಿಷದ ನಡಿಗೆ ಸುಮಾರು 40 ಮೀಟರ್ ಹೆಚ್ಚಾಯಿತು.

ಮೂರನೆಯದು, ಅಪಾಯದ ಮಟ್ಟ ಅಂಕಿಗಳಲ್ಲಿ. ಹೃದಯದ ಮೇಲಿನ ಒತ್ತಡವನ್ನು ತೋರಿಸುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ 300ಕ್ಕಿಂತ ಕಡಿಮೆ ಇದ್ದರೆ ನಿರಾಳ, 650 ದಾಟಿದರೆ ಚಿಂತೆ, 1100 ದಾಟಿದರೆ ಹೆಚ್ಚಿನ ಅಪಾಯ. ಆರು ನಿಮಿಷದ ನಡಿಗೆ 440 ಮೀಟರ್ ದಾಟಿದರೆ ಚೆನ್ನಾಗಿದೆ, 320ಕ್ಕಿಂತ ಕೆಳಗೆ ಚಿಂತೆ, 165ಕ್ಕಿಂತ ಕೆಳಗೆ ಗಂಭೀರ. ಇವೆರಡರ ಜೊತೆಗೆ ದಿನನಿತ್ಯದ ಕೆಲಸಕ್ಕೆ ಎಷ್ಟು ಉಸಿರು ಕಟ್ಟುತ್ತದೆ ಎಂಬ ದರ್ಜೆ ಸೇರಿಸಿದರೆ ಅವರ ಸ್ಥಿತಿ ಪ್ರೆಷರ್‌ಗಿಂತ ಎಷ್ಟೋ ಚೆನ್ನಾಗಿ ಗೊತ್ತಾಗುತ್ತದೆ. ಈ ಮೂರನ್ನೂ 3–6 ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳಿ. ಕ್ಯಾಥ್ ಮತ್ತೆ ಮಾಡಬೇಕೆಂದರೆ ಹಿಂಜರಿಯಬೇಡಿ.

ಊತಕ್ಕೆ ಟಾರ್ಸೆಮೈಡ್ ಪ್ರಮಾಣ ಹೆಚ್ಚಿಸಬೇಕಾಗಬಹುದು, ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ನೀರಿಳಿಸುವ ಮಾತ್ರೆ ಸೇರಿಸಬಹುದು. ಕರುಳೇ ಊದಿ ಮಾತ್ರೆ ಹೀರಿಕೊಳ್ಳದಿದ್ದರೆ ಒಂದೆರಡು ದಿನ ದಾಖಲಾಗಿ ನರಕ್ಕೆ ಕೊಡಿಸಿಕೊಳ್ಳಬೇಕಾಗಬಹುದು. ನೀರು ಇಳಿದರೆ ಹಿಗ್ಗಿದ ಕೋಣೆ ಕುಗ್ಗುತ್ತದೆ, ಗೋಡೆಯ ಬಿಗಿತ ಇಳಿಯುತ್ತದೆ, ಎಡ ಹೃತ್ಕುಕ್ಷಿಯನ್ನು ಒತ್ತುತ್ತಿದ್ದ ನಡುಗೋಡೆ ಜಾಗಕ್ಕೆ ಬರುತ್ತದೆ. ಮನೆಯಲ್ಲಿ ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಫೋನ್ ಮಾಡಬೇಕು. ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿನಿಸು ಈ ಲೆಕ್ಕವನ್ನು ಕ್ಷಣದಲ್ಲಿ ಮುರಿಯುತ್ತವೆ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಅದು ಅಪಾಯ. ದಿನಾ ಎಳನೀರು ಕುಡಿಯುವ ಅಭ್ಯಾಸಕ್ಕೂ ಇದೇ ಮಾತು.

ಬೆರಳಿನ ಆಕ್ಸಿಮೀಟರ್‌ನಲ್ಲಿ 90ಕ್ಕಿಂತ ಕಡಿಮೆ ತೋರಿಸಿದರೆ, ಅದರಲ್ಲೂ ರಾತ್ರಿ, ಹೇಳಿ. ಆಮ್ಲಜನಕ ಇಳಿದಾಗಲೆಲ್ಲ ಶ್ವಾಸಕೋಶದ ನಾಳಗಳು ಬಿಗಿಯುತ್ತವೆ. ಮೈಸೂರಿನಿಂದ ನಾಲ್ಕು ಗಂಟೆಯಲ್ಲಿ ಊಟಿಗೆ, ಅಂದರೆ 2,240 ಮೀಟರಿಗೆ ಹತ್ತಿಹೋಗುವ ಪ್ರವಾಸ ಸದ್ಯಕ್ಕೆ ಬೇಡ. ಸೌದೆ ಒಲೆಯ ಹೊಗೆಯಿಂದ ದೂರವಿಡಿ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ಅವು ಉಪ್ಪುನೀರು ಹಿಡಿದಿಡುತ್ತವೆ, ಪ್ಯಾರಾಸಿಟಮಾಲ್ ಸಾಕು. ನೆಗಡಿ ಮಾತ್ರೆಗಳಲ್ಲಿ ನಾಳ ಬಿಗಿಸುವ ಫೆನೈಲೆಫ್ರಿನ್ ಇರುತ್ತದೆ, ಕೇಳದೆ ಕೊಡಬೇಡಿ. 43ರಲ್ಲಿ ಮುಟ್ಟು ನಿಂತಿರುವುದಿಲ್ಲವಾದ್ದರಿಂದ ಇದನ್ನೂ ಹೇಳಬೇಕು: ಗರ್ಭ ಧರಿಸುವುದು ಈ ಕಾಯಿಲೆಯಲ್ಲಿ ಪ್ರಾಣಾಪಾಯ, ಬೋಸೆಂಟಾನ್ ಶುರುವಾದರೆ ಗರ್ಭನಿರೋಧಕ ಮಾತ್ರೆಯ ಮೇಲೆ ಮಾತ್ರ ಭರವಸೆ ಇಡುವಂತಿಲ್ಲ.

ತಲೆ ಸುತ್ತಿ ಬಿದ್ದರೆ, ಕೂತಲ್ಲೇ ಉಸಿರು ಕಟ್ಟಿದರೆ, ಮೂತ್ರ ತೀರಾ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ. ಹತ್ತಿರದ ಯಾವುದೇ ಆಸ್ಪತ್ರೆಗೆ ಹೋದರೂ ‘ಪಲ್ಮನರಿ ಹೈಪರ್‌ಟೆನ್ಷನ್ ಇದೆ, ಬಲ ಹೃದಯ ವೀಕ್ ಇದೆ’ ಎಂದು ಮೊದಲೇ ಹೇಳಿ. ಬಿಪಿ ಕಡಿಮೆ ಎಂದು ಬಾಟಲಿಗಟ್ಟಲೆ ಸಲೈನ್ ಓಡಿಸಿದರೆ ಹಿಗ್ಗಿದ ಬಲ ಹೃತ್ಕುಕ್ಷಿ ಇನ್ನಷ್ಟು ಹಿಗ್ಗಿ ಸ್ಥಿತಿ ಕೆಡುತ್ತದೆ. ಎದೆನೋವು ಎಂದರೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವ ರೂಢಿ ನಮ್ಮಲ್ಲಿ ಮನೆಮನೆಯಲ್ಲಿದೆ. ಸಿಲ್ಡೆನಾಫಿಲ್ ತೆಗೆದುಕೊಳ್ಳುವವರಿಗೆ ಅದನ್ನು ಕೊಡಲೇಬಾರದು, ಬಿಪಿ ಪಾತಾಳಕ್ಕಿಳಿಯುತ್ತದೆ. ಸಲೈನ್, ಸಾರ್ಬಿಟ್ರೇಟ್ ಬಗೆಗಿನ ಈ ಎರಡು ಎಚ್ಚರಿಕೆಗಳನ್ನೂ ಔಷಧಗಳ ಹೆಸರಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ಅಕ್ಕನವರ ಪರ್ಸಿನಲ್ಲೊಂದು, ನಿಮ್ಮ ಪರ್ಸಿನಲ್ಲೊಂದು ಇಟ್ಟಿರಿ.